ಬೋಂಡಕ್ಕೊಂದು ಬೋರ್ಡು

ನಮ್ಮ ಆಫೀಸಿಗೆ ಹೊಸದೊಂದು ಬೋರ್ಡು ಬಂದಿದೆ. ಯಾವ ತಿಂಡಿಯಲ್ಲಿ ಎಷ್ಟು ಚಮಚ ಎಣ್ಣೆ, ಎಷ್ಟು ಚಮಚ ಸಕ್ಕರೆ ಎಂಬುದೆಲ್ಲ ಬಣ್ಣದ ಚಿತ್ರಗಳ ಸಮೇತ ಅದರಲ್ಲಿದೆ. ಅದನ್ನು ಎಲ್ಲಿ ನೇತುಹಾಕಬೇಕೆಂದು ತೀರ್ಮಾನಿಸಲು ಒಂದು ಮೀಟಿಂಗು. ಮೀಟಿಂಗಿಗೆ ಆಲೂ ಬೋಂಡ, ಮೈಸೂರು ಪಾಕು, ಕಾಫಿ. ಲಿಫ್ಟಿನ ಪಕ್ಕ ಬೇಡ, ಅದು ಕೆಟ್ಟು ಆರು ತಿಂಗಳಾಯಿತು, ಅತ್ತ ನರಪಿಳ್ಳೆ ಸುಳಿಯುವುದಿಲ್ಲ ಎಂದರೊಬ್ಬರು. ಮೆಟ್ಟಿಲ ಹತ್ತಿರವೂ ಬೇಡ, ಆ ಏದುಸಿರಿನಲ್ಲಿ ಓದೋದು ಯಾರು ಎಂದರು ಇನ್ನೊಬ್ಬರು. ಹಾಜರಿ ಯಂತ್ರದ ಮೇಲೆಯೇ ಸರಿ ಎಂದು ಒಮ್ಮತ ಮೂಡುವ ಹೊತ್ತಿಗೆ ತಟ್ಟೆಯಲ್ಲಿ ಕರಿಬೇವು ಮಾತ್ರ ಉಳಿದಿತ್ತು.

ಇದರ ಮೂಲ 2025ರ ಜೂನ್‌ನಲ್ಲಿ ಕೇಂದ್ರ ಆರೋಗ್ಯ ಇಲಾಖೆ ಉಳಿದ ಇಲಾಖೆಗಳಿಗೆ ಬರೆದ ಪತ್ರ. ಕಚೇರಿಗಳಲ್ಲಿ ಎಣ್ಣೆ-ಸಕ್ಕರೆ ಬೋರ್ಡು ಹಾಕಿ, ಮೆಟ್ಟಿಲು ಹತ್ತಿ, ಲೆಟರ್‌ಹೆಡ್ಡು, ಲಕೋಟೆಗಳ ಮೇಲೂ ಆರೋಗ್ಯದ ಸಂದೇಶ ಅಚ್ಚು ಹಾಕಿಸಿ ಎಂದಿತ್ತು ಅದು. ಸುದ್ದಿಯವರ ಬಾಯಿಗೆ ಬಿದ್ದಮೇಲೆ ಕೇಳಬೇಕೆ? ಸಿಗರೇಟಿನ ಹಾಗೆ ಸಮೋಸ, ಜಿಲೇಬಿಗೂ ಎಚ್ಚರಿಕೆ ಬರುತ್ತದಂತೆ ಎಂದು ಜುಲೈನಲ್ಲಿ ಊರೆಲ್ಲ ಗುಲ್ಲಾಯಿತು. ಹಾಗೇನಿಲ್ಲ, ಬೀದಿ ವ್ಯಾಪಾರಿಗಳ ತಂಟೆಗೆ ನಾವು ಹೋಗಿಲ್ಲ ಎಂದು ಸರ್ಕಾರವೇ ಸ್ಪಷ್ಟನೆ ಕೊಡಬೇಕಾಯಿತು. ಸಮೋಸದ ಪರವಾಗಿ ದೇಶವೇ ಹೀಗೆ ಎದ್ದು ನಿಂತದ್ದು ಕಂಡು ನನಗೂ ಎದೆ ತುಂಬಿ ಬಂತು. ಎಸಿಡಿಟಿಯೂ ಇದ್ದಿರಬಹುದು.

ಬೋರ್ಡಿನ ಮೇಲೆ ನನಗೇನೂ ಸಿಟ್ಟಿಲ್ಲ. ಬೋಂಡದಲ್ಲಿ ಎಣ್ಣೆ ಇರುವುದು ಅದನ್ನು ಹಿಡಿದ ಬೆರಳಿಗೇ ಗೊತ್ತು. ಏನಿದೆಯೆಂದು ಗೊತ್ತಾಗದಿರುವುದು ಪ್ಯಾಕೆಟ್ಟಿನೊಳಗೆ. ಅದರ ಮುಂಭಾಗದಲ್ಲಿ ಏನು ಬರೆಯಬೇಕೆಂಬ ಪ್ರಶ್ನೆಗೆ ಮಾತ್ರ ನಮ್ಮಲ್ಲಿ ಆತುರವಿಲ್ಲ. ಫ್ರಿಜ್ಜಿಗೆ ಕೊಟ್ಟ ಹಾಗೆ ತಿಂಡಿಗೂ ಅರ್ಧದಿಂದ ಐದರವರೆಗೆ ನಕ್ಷತ್ರ ಕೊಡೋಣ ಎಂದು ಆಹಾರ ಸುರಕ್ಷತಾ ಪ್ರಾಧಿಕಾರ ಕರಡು ಹೊರಡಿಸಿದ್ದು 2022ರಲ್ಲಿ. ನಕ್ಷತ್ರ ಬೇಡ, ನೇರವಾಗಿ ಎಚ್ಚರಿಕೆಯನ್ನೇ ಬರೆಯಿರಿ ಎಂದು ಹಲವರು ತಕರಾರು ತೆಗೆದರು. ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ಶಿಫಾರಸು ಕೊಡಿ ಎಂದು 2025ರ ಏಪ್ರಿಲ್‌ನಲ್ಲಿ ಕೋರ್ಟು ತಜ್ಞರ ಕಮಿಟಿಗೆ ಮೂರು ತಿಂಗಳ ಗಡುವು ಕೊಟ್ಟಿತು, ಜುಲೈನಲ್ಲಿ ಇನ್ನೂ ಮೂರು ತಿಂಗಳು ಕೊಟ್ಟಿತು. ಅಂದರೆ ಬೋಂಡಕ್ಕೆ ಬೋರ್ಡು, ಪ್ಯಾಕೆಟ್ಟಿಗೆ ಕಮಿಟಿ.

ಬೋರ್ಡು ನೋಡಿ ಮನಪರಿವರ್ತನೆಯಾಗಿ ನಾನೂ ಒಂದು ರಾಗಿ ಬಿಸ್ಕತ್ತು ಕೊಂಡೆ. ಮುಂದೆ ತೂಗಾಡುವ ರಾಗಿ ತೆನೆ, ಮಣ್ಣಿನ ಮಡಕೆ, ನಗುವ ಅಜ್ಜಿ. ಹಿಂದೆ ಇರುವೆ ಸಾಲಿನಂಥ ಅಕ್ಷರ. ಮೊಬೈಲಿನಲ್ಲಿ ಫೋಟೊ ತೆಗೆದು ದೊಡ್ಡದು ಮಾಡಿ ಓದಿದೆ. ತೂಕದಲ್ಲಿ ಹೆಚ್ಚಿರುವುದನ್ನು ಮೊದಲು ಬರೆಯಬೇಕೆಂಬುದು ನಿಯಮ. ಮೊದಲು ಮೈದಾ, ಆಮೇಲೆ ಸಕ್ಕರೆ, ಆಮೇಲೆ ತಾಳೆ ಎಣ್ಣೆ. ಲಗ್ನಪತ್ರಿಕೆಯಲ್ಲಿ ತನ್ನದೇ ಹೆಸರಿದ್ದರೂ ಊಟಕ್ಕೆ ಕೊನೇ ಪಂಕ್ತಿಯಲ್ಲಿ ಕೂತ ಮದುಮಗನ ಹಾಗೆ ರಾಗಿ ನಾಲ್ಕನೆಯದು. ಒಂದು ಸಲಕ್ಕೆ ತಿನ್ನುವ ಪ್ರಮಾಣ ಎರಡು ಬಿಸ್ಕತ್ತು ಎಂದೂ ಬರೆದಿತ್ತು. ಎರಡು ಬಿಸ್ಕತ್ತಿಗೆ ನಿಲ್ಲಿಸುವ ಮನುಷ್ಯನನ್ನು ಕಂಪನಿ ಎಲ್ಲಿ ನೋಡಿತೋ!

ಇಷ್ಟಕ್ಕೂ ಹಸಿವಾದಾಗ ಏನು ತಿನ್ನಬೇಕೆಂದು ನಮ್ಮ ಜನಕ್ಕೆ ಗೊತ್ತಿಲ್ಲದ್ದೇನಲ್ಲ. ಕಾರ್ತಿಕದ ಕೊನೇ ಸೋಮವಾರ ಬಸವನಗುಡಿಗೆ ಬನ್ನಿ, ರಸ್ತೆಯುದ್ದಕ್ಕೂ ಕಡಲೆಕಾಯಿ ರಾಶಿ. ಹಸಿಯದು, ಹುರಿದದ್ದು, ಬೇಯಿಸಿದ್ದು. ಮುಂಭಾಗ, ಹಿಂಭಾಗ ಎಂಬುದೇ ಇಲ್ಲದ ತಿಂಡಿ. ಒಳಗೇನಿದೆಯೆಂದು ಸಿಪ್ಪೆ ಒಡೆದರೆ ಗೊತ್ತಾಗುತ್ತದೆ. ಅದನ್ನೇ ಹುರಿದು, ಮಿರಿಮಿರಿ ಚೀಲದಲ್ಲಿ ಹಾಕಿ 'ಪ್ರೋಟೀನ್ ಬೈಟ್ಸ್' ಎಂದರೆ ನಮ್ಮ ಸೆಕ್ಷನ್ನಿನಲ್ಲೇ ನಾಲ್ಕು ಜನ ಆನ್‌ಲೈನಿನಲ್ಲಿ ತರಿಸುತ್ತಾರೆ.

ಬೋರ್ಡು ಬಂದಮೇಲೆ ಒಂದು ಬದಲಾವಣೆಯಂತೂ ಆಗಿದೆ. ಈಗ ಬೋಂಡವನ್ನು ಪೇಪರಿನಲ್ಲಿ ಒತ್ತಿ, ಎಣ್ಣೆ ಹಿಂಡಿಯೇ ತಿನ್ನುತ್ತೇವೆ. ತಿಂಡಿಗೆ ಅಚ್ಚಾದ ಪೇಪರು ಬಳಸಬೇಡಿ, ಶಾಯಿ ಹೊಟ್ಟೆಗೆ ಹೋಗುತ್ತದೆ ಎಂದು ಅದೇ ಪ್ರಾಧಿಕಾರ 2016ರಲ್ಲೇ ಹೇಳಿತ್ತು. ಮೊನ್ನೆ ನನ್ನ ಬೋಂಡದ ಮೇಲೆ ಪುರವಣಿಯ 'ಕೊಲೆಸ್ಟ್ರಾಲ್ ನಿಯಂತ್ರಣ' ಎಂಬ ಶೀರ್ಷಿಕೆ ಕನ್ನಡಿಯಲ್ಲಿ ಕಂಡ ಹಾಗೆ ತಿರುಗುಮುರುಗಾಗಿ ಮೂಡಿತ್ತು. ಹಾಗೇ ತಿಂದೆ.

ಅದೇ ಎಣ್ಣೆ-ಸಕ್ಕರೆ ಬೋರ್ಡಿನದು, ಬೇಕಾದ್ದಕ್ಕಿಂತ ಹೆಚ್ಚು ಅಚ್ಚಾದ ಪೋಸ್ಟರುಗಳ ಒಂದು ಕಟ್ಟು ರೆಕಾರ್ಡ್ ರೂಮಿನಲ್ಲಿ ಕೊಳೆಯುತ್ತಿತ್ತು. ದಿನಪತ್ರಿಕೆ ಸಿಗದ ದಿನ ಅಟೆಂಡರ್ ಅದರಿಂದ ಒಂದನ್ನು ಎಳೆದು, ಬೋಂಡ ಇಟ್ಟು ಒತ್ತಿ ನೋಡಿದರು. ಎತ್ತಿ ಹಿಡಿದರೆ ಎಣ್ಣೆ ಮೇಲೆ ನಿಂತು ಜಾರುತ್ತಿತ್ತು.

"ಇದು ಆಗಲ್ಲ ಸಾರ್, ಗ್ಲಾಸಿ ಪೇಪರು. ಏನೂ ಹೀರ್ಕೊಳಲ್ಲ."