ಅಜ್ಜಿಯ 1974

ಅಜ್ಜಿ ಹುಟ್ಟಿದ ದಿನ ಯಾರಿಗೂ ಗೊತ್ತಿಲ್ಲ. ನೇತ್ರಾವತಿಯ ದೊಡ್ಡ ನೆರೆ ಕಳೆದು ಐದು ವರ್ಷಕ್ಕೆ ಹುಟ್ಟಿದ್ದು ಎಂದು ಪಾಣೆಮಂಗಳೂರಿನ ತವರಿನವರು ಹೇಳುತ್ತಿದ್ದರು. ಆ ನೆರೆ 1923ರದು. ಆದ್ದರಿಂದ ಆಧಾರ್ ಕಾರ್ಡಿನಲ್ಲಿ 1928 ಎಂದು ಬರೆಸಿದೆವು, ಬರೀ ವರ್ಷ. ತೀರಿಕೊಂಡದ್ದು 2020ರ ಏಪ್ರಿಲ್‌ನಲ್ಲಿ, ಲಾಕ್‌ಡೌನ್ ನಡುವೆ. ಹೆಗಲು ಕೊಡಲು ಮನೆಯವರಷ್ಟೇ ಇದ್ದೆವು.

ಮದುವೆಯಾಗಿ ಉಡುಪಿ ಬಳಿಯ ಮನೆಗೆ ಬಂದವರು ಮತ್ತೆ ಮನೆ ಬದಲಿಸಲಿಲ್ಲ. ಮದರಾಸು ಪ್ರಾಂತ್ಯಕ್ಕೆ ಬಂದ ಸೊಸೆ 1956ರಲ್ಲಿ ಮೈಸೂರು ರಾಜ್ಯದವರಾದರು, 1973ರಲ್ಲಿ ಕರ್ನಾಟಕದವರಾದರು, 1997ರಲ್ಲಿ ಉಡುಪಿ ಜಿಲ್ಲೆಯವರಾದರು. ಬಾವಿ, ಅಂಗಳ, ತುಳಸಿಕಟ್ಟೆ ಮಾತ್ರ ಅವೇ.

ಕಾಲೇಜಿನಲ್ಲಿದ್ದಾಗ ಒಮ್ಮೆ, ಸ್ವಾತಂತ್ರ್ಯ ಬಂದ ದಿನ ಏನು ಮಾಡುತ್ತಿದ್ದಿರಿ ಎಂದು ಕೇಳಿದ್ದೆ. "ಆಟಿ ತಿಂಗಳು. ಅಕ್ಕಿ ಮುಗಿದಿತ್ತು" ಎಂದರು. ಆಗ ನನಗೆ ನಿರಾಸೆಯಾಗಿತ್ತು. ಎಷ್ಟೋ ವರ್ಷಗಳ ನಂತರ ಅರ್ಥವಾಯಿತು: ಆಗಸ್ಟ್ 15 ಎಂದರೆ ತುಳುವರ ಮಳೆಗಾಲದ ತಿಂಗಳಾದ ಆಟಿಯ ಕೊನೆಯ ದಿನಗಳು, ಗದ್ದೆಯ ಪೈರು ಇನ್ನೂ ಹಸಿರು, ಒಲೆಯ ಮೇಲೆ ಕೆಸು, ತಜಂಕು ಸೊಪ್ಪು, ಹಲಸಿನ ಬೀಜ. ಅದೇ ಗದ್ದೆಯನ್ನು ಉತ್ತು ಬೆಳೆದವರು ಇವರು. ಆದರೆ ಚಾಲಗೇಣಿ, ಒಡೆಯರು ಬೇಕೆಂದಾಗ ಬಿಡಿಸಬಹುದಾದ ಗೇಣಿ. ಕೊಯ್ಲಾದ ಮೇಲೆ ಅಕ್ಕಿಮುಡಿ ಕಟ್ಟಿ ಧಣಿಗಳ ಮನೆಗೆ ಹೊತ್ತು, ಉಳಿದದ್ದರಲ್ಲಿ ವರ್ಷ ಕಳೆಯಬೇಕು. ಎದ್ದು ಹೋಗಿ ಎಂದರೆ ಎಲ್ಲಿಗೆ ಎಂಬ ಹೆದರಿಕೆ ಬೇರೆ.

1974ರ ಮಾರ್ಚ್ 1ರಂದು ದೇವರಾಜ ಅರಸು ಸರಕಾರದ ಭೂಸುಧಾರಣಾ ತಿದ್ದುಪಡಿ ಜಾರಿಗೆ ಬಂತು. ಉಳುವ ಒಕ್ಕಲು ಅರ್ಜಿ ಕೊಟ್ಟರೆ ಭೂಮಿ ಅವನ ಹೆಸರಿಗೆ. ನಮ್ಮ ಕಡೆ ಈಗಲೂ 'ಡಿಕ್ಲರೇಶನ್ ಕೊಟ್ಟದ್ದು' ಎಂದೇ ಹೇಳುತ್ತಾರೆ. ಅಜ್ಜ ಹಿಂಜರಿದರಂತೆ, ಧಣಿಗಳ ಅನ್ನ ಉಂಡು ಅವರಿಗೆ ಎದುರು ನಿಲ್ಲುವುದು ಹೇಗೆ ಎಂದು. "ಅವರ ಅನ್ನ ಯಾವುದು? ಬೆಳೆದದ್ದು ನಾವು" ಎಂದು ಅರ್ಜಿ ಹಾಕಿಸಿದ್ದು ಅಜ್ಜಿ. ಭೂನ್ಯಾಯಮಂಡಳಿಗೆ ಅಲೆದ ಬಸ್ಸಿನ ಖರ್ಚೂ ಅವರದೇ, ಬೀಡಿ ಕಟ್ಟಿ ಪಿಗ್ಮಿಗೆ ಹಾಕಿದ ಹಣ. (ದಿನಕ್ಕೆ ಎರಡಾಣೆಯ ಆ ಪಿಗ್ಮಿಯನ್ನು ಸಿಂಡಿಕೇಟ್ ಬ್ಯಾಂಕ್ ಆರಂಭಿಸಿದ್ದು 1928ರಲ್ಲಿ. ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ವಿಲೀನವಾದದ್ದು 2020ರ ಏಪ್ರಿಲ್ 1ಕ್ಕೆ. ಅಜ್ಜಿ ಹುಟ್ಟಿದ ವರ್ಷ ಪಿಗ್ಮಿ ಬಂತು, ಅವರು ಹೋದ ತಿಂಗಳೇ ಬ್ಯಾಂಕಿನ ಹೆಸರು ಹೋಯಿತು.)

ನಮ್ಮ ಮನೆಗೆ ಸ್ವಾತಂತ್ರ್ಯ ಬಂದದ್ದು 1974ರಲ್ಲಿ ಎಂದೇ ನಾನು ನಂಬಿದ್ದೇನೆ. 1947 ಇಲ್ಲದೆ ಅದು ಬರುತ್ತಿರಲಿಲ್ಲ, ನಿಜ. ತುಂಡು ಭೂಮಿಯ ಗೇಣಿಯನ್ನೇ ನಂಬಿದ್ದ ಬಡ ಒಡೆಯರೂ ಅಂದು ಕಳೆದುಕೊಂಡರು, ಅವರ ನೋವೂ ನಿಜ. ಆದರೆ ಡಿಕ್ಲರೇಶನ್ ಗದ್ದೆಯ ಅಕ್ಕಿ ಉಂಡು ಓದಿ ಮೇಲೆ ಬಂದ ನನ್ನ ಓರಗೆಯವರೇ ಮದುವೆ ಮನೆಗಳಲ್ಲಿ ಕುಳಿತು ಆ ಕಾನೂನಿನ ಬಗ್ಗೆ ಹಗುರವಾಗಿ ಮಾತನಾಡಿದರೆ ನನಗೆ ತಡೆಯಲಾಗದ ಸಿಟ್ಟು ಬರುತ್ತದೆ.

ಅಜ್ಜಿಗೆ ಓದಲು ಬರುತ್ತಿರಲಿಲ್ಲ. ಮಂಡಳಿಯ ಆದೇಶದ ಪ್ರತಿ ಅವರ ತಗಡಿನ ಪೆಟ್ಟಿಗೆಯಲ್ಲಿ, ಸೀರೆಯ ಮಡಿಕೆಯೊಳಗೆ ಇರುತ್ತಿತ್ತು. ರಜೆಯಲ್ಲಿ ನಾನು ಹೋದಾಗಲೆಲ್ಲ ತೆಗೆದು ಕೊಟ್ಟು ಓದಿಸುತ್ತಿದ್ದರು. ಸರ್ವೆ ನಂಬರು ಬಂದ ಕೂಡಲೇ ಕೈ ಎತ್ತಿ ನಿಲ್ಲಿಸಿ, "ಅದನ್ನು ಇನ್ನೊಮ್ಮೆ ಓದು" ಎನ್ನುತ್ತಿದ್ದರು.