ಅನರ್ಥ ಅಂದರೆ ಅರ್ಥವಿಲ್ಲ ಅಂತಲ್ಲ

‘ವ್ಯರ್ಥ’, ‘ನಿರರ್ಥಕ’, ‘ಅನರ್ಥ’ ಮೂರೂ ಒಂದೇ, ಅರ್ಥವಿಲ್ಲದ್ದು ಎಂದು ಬರೆದಿದ್ದೀರಿ. ಒಪ್ಪೋದು ಕಷ್ಟ. ‘ನಲ್ಲಿ ಬಿಟ್ಟು ನೀರು ವ್ಯರ್ಥ ಮಾಡಬೇಡ’ ಅನ್ನುತ್ತೇವೆ ಅಲ್ವಾ? ನೀರಿಗೆ ಅರ್ಥ ಎಲ್ಲಿಂದ ಬರಬೇಕು? ‘ಅರ್ಥ’ ಅಂದರೆ ಉದ್ದೇಶ, ಹಣ ಕೂಡ. ವ್ಯರ್ಥದಲ್ಲಿ ಹಾಳಾಗುವುದು ಉಪಯೋಗ. ‘ಅನರ್ಥ’ ಇನ್ನೂ ದೂರ ಹೋಗಿದೆ. ‘ಒಂದು ಮಾತಿನಿಂದ ಎಷ್ಟು ಅನರ್ಥ ಆಯ್ತು ನೋಡಿ’ ಅಂದರೆ ಮಾತು ಅರ್ಥವಾಗಲಿಲ್ಲ ಅಂತಲ್ಲ, ಕೇಡಾಯಿತು ಅಂತ. ಎಷ್ಟೋ ಸಲ ಚೆನ್ನಾಗಿ ಅರ್ಥವಾಗಿಯೇ ಜಗಳ ಹತ್ತಿರುತ್ತದೆ! ತಪ್ಪಾಗಿ ತಿಳಿದುಕೊಂಡರೆ ಅದಕ್ಕೆ ‘ಅಪಾರ್ಥ’ ಬೇರೆಯೇ ಇದೆ. ‘ನಿರರ್ಥಕ’ ಬರವಣಿಗೆಯಲ್ಲಿ ಸಿಗುತ್ತದೆ, ಮಾತಿನಲ್ಲಿ ಅಪರೂಪ. ಬಾಯಿಗೆ ಬರುವುದು ‘ದಂಡ’: ‘ಸುಮ್ನೆ ಅಷ್ಟು ದೂರ ಹೋಗಿದ್ದು ದಂಡ’. ಅದನ್ನೇ ಬಿಟ್ಟುಬಿಟ್ಟಿದ್ದೀರಲ್ಲ?