ದ್ರೌಪದಿಗೆ ಯಾವ ಬಣ್ಣ ಹಚ್ಚೋಣ?

ಎಂಟು-ಹತ್ತು ವರ್ಷದ ಮಕ್ಕಳಿಗೆ ಅಂತ ನಾನೂ ಗೆಳೆಯನೂ ಸೇರಿ ಮಹಾಭಾರತದ ಚಿತ್ರಕಾದಂಬರಿ ಮಾಡುತ್ತಿದ್ದೇವೆ. ನನ್ನದು ಬರಹ, ಅವನದು ಚಿತ್ರ. ಹೋದ ವಾರ ಸ್ವಯಂವರದ ಪುಟಕ್ಕೆ ಬಣ್ಣ ಬಿದ್ದು ಬಂತು. ನೋಡಿದರೆ ದ್ರೌಪದಿ ಹಾಲಿನ ಕೆನೆ! ಮೂಲೆಯಲ್ಲಿ ಚಾಮರ ಬೀಸುವ ದಾಸಿ ಮಾತ್ರ ಕಪ್ಪು. ಫೋನ್ ಮಾಡಿ ಕೇಳಿದೆ. "ಹೀರೋಯಿನ್ ಅಲ್ವಾ ಮಾರಾಯಾ" ಅಂದ.

ಅವನೊಬ್ಬನನ್ನೇ ಬೈದು ಏನು ಪ್ರಯೋಜನ? ಅವನ ಕಂಪ್ಯೂಟರಿನಲ್ಲಿ ಮೈಬಣ್ಣದ ಒಂದು ಸಾಲು ಯಾವಾಗಲೂ ರೆಡಿ ಇರುತ್ತದೆ. ರಾಜಕುಮಾರಿಗೆ ಈ ತುದಿಯದು, ರಾಕ್ಷಸನಿಗೆ ಆ ತುದಿಯದು. ಕೈ ತಾನಾಗಿ ಅಲ್ಲಿಗೇ ಹೋಗುತ್ತದೆ.

ಕಥೆ ನೋಡಿದರೆ ಬೇರೆಯೇ ಹೇಳುತ್ತದೆ. ದ್ರೌಪದಿಯ ಇನ್ನೊಂದು ಹೆಸರೇ ಕೃಷ್ಣೆ. ಬೆಂಕಿಯಿಂದ ಎದ್ದು ಬಂದವಳ ಮೈ ಕಪ್ಪಗಿತ್ತು, ಅದಕ್ಕೇ ಆ ಹೆಸರು. ವಿರಾಟಪರ್ವದಲ್ಲಿ ಉತ್ತರಕುಮಾರ "ನೀನು ಅರ್ಜುನನೇ ಆದರೆ ನಿನ್ನ ಹತ್ತು ಹೆಸರು ಹೇಳು" ಅನ್ನುತ್ತಾನಲ್ಲ, ಅದರಲ್ಲಿ ಹತ್ತನೆಯದು ಕೃಷ್ಣ. ಕಪ್ಪಗೆ ಹೊಳೆಯುವ ಮುದ್ದು ಮಗು ಅಂತ ಅಪ್ಪ ಇಟ್ಟಿದ್ದು. ವ್ಯಾಸರಂತೂ ಕೃಷ್ಣ ದ್ವೈಪಾಯನ. ಅವರ ಕಪ್ಪು ರೂಪ ಕಂಡು ರಾಣಿ ಅಂಬಿಕೆ ಕಣ್ಣು ಮುಚ್ಚಿದಳು, ಹುಟ್ಟಿದ ಮಗ ಧೃತರಾಷ್ಟ್ರ ಕುರುಡನಾದ. ಅಂಬಾಲಿಕೆ ಬಿಳಚಿಕೊಂಡಳು, ಮಗ ಪಾಂಡುವೂ ಹಾಗೇ ಹುಟ್ಟಿದ. ವ್ಯಾಸರಿಗೆ ತೆಳು ಬಣ್ಣ ಹಚ್ಚಿಬಿಟ್ಟರೆ ಈ ಪುಟ ಮಕ್ಕಳಿಗೆ ಅರ್ಥವೇ ಆಗಲ್ಲ. ಶ್ರೀಕೃಷ್ಣನಿಗಾದರೆ ನೀಲಿ ಹಚ್ಚಿ ತಪ್ಪಿಸಿಕೊಳ್ಳಬಹುದು. ಇವರಿಗೆಲ್ಲ ಏನು ಮಾಡೋಣ?

ಚಿಕ್ಕವರಿದ್ದಾಗ ನೋಡಿದ ಚಿತ್ರ ಸುಮ್ನೆ ಬಿಟ್ಟು ಹೋಗಲ್ಲ. ನಾನು ಅಮರ ಚಿತ್ರ ಕಥೆ ಕಾಮಿಕ್ಸ್ ಓದಿ ಬೆಳೆದವನು. 1967ರಲ್ಲಿ ಅದನ್ನು ಶುರು ಮಾಡಿದ ಅನಂತ ಪೈ ನಮ್ಮ ಕಾರ್ಕಳದಲ್ಲಿ ಹುಟ್ಟಿದವರು. ಇವತ್ತಿಗೂ ಪುರಾಣದ ಯಾರ ಹೆಸರು ಕೇಳಿದರೂ ನನಗೆ ಮೊದಲು ಕಾಣುವುದು ಆ ಪುಟಗಳೇ.

ಹಂಪಿಯ ಹಜಾರ ರಾಮ ದೇವಸ್ಥಾನದ ಮಂಟಪದ ಹೊರಗೋಡೆ ನೋಡಿದ್ದೀರಾ? ಮೂರು ಸಾಲಿನಲ್ಲಿ ಇಡೀ ರಾಮಾಯಣ ಇದೆ. ಚೌಕ ಪಕ್ಕ ಚೌಕ, ಥೇಟ್ ಕಾಮಿಕ್ಸ್. ರಾಮ, ರಾವಣ, ಕೋತಿ ಎಲ್ಲರೂ ಒಂದೇ ಕಲ್ಲಿನ ಬಣ್ಣ. ಆದರೂ ಯಾರು ಯಾರು ಅಂತ ಗೊತ್ತಾಗುತ್ತೆ. ತಲೆ ಎಷ್ಟು, ಬಾಲ ಇದೆಯಾ, ಕೈಯಲ್ಲಿ ಏನಿದೆ, ಹೇಗೆ ನಿಂತಿದ್ದಾರೆ, ಇಷ್ಟು ಸಾಕು. ಕೆಟ್ಟವನನ್ನು ತೋರಿಸೋಕೆ ಕಪ್ಪು ಬಣ್ಣವೇ ಬೇಕು ಅನ್ನೋದು ಶುದ್ಧ ಸೋಮಾರಿತನ.

ಗೆಳೆಯ ಎರಡು ದಿನ ಮುನಿಸಿಕೊಂಡ. ಆಮೇಲೆ ಹೊಸ ಪುಟ ಕಳಿಸಿದ. ದ್ರೌಪದಿ ಈಗ ಮಾಗಿದ ನೇರಳೆ ಹಣ್ಣು. ಆ ಮೈಮೇಲೆ ಚಿನ್ನ ಏನು ಹೊಳೆಯುತ್ತೆ ಅಂತೀರಿ! ಅವನಿಗೇ ಖುಷಿಯಾಗಿದೆ, ಬಾಯಿಬಿಟ್ಟು ಹೇಳಲ್ಲ ಅಷ್ಟೇ.

ಪ್ರಕಾಶಕರು ಮಾತ್ರ ಇನ್ನೂ ಒಪ್ಪಿಲ್ಲ. "ಒಳಗೆ ಹೇಗಾದ್ರೂ ಇರಲಿ ಸಾರ್, ಮುಖಪುಟದಲ್ಲಿ ಸ್ವಲ್ಪ ಬೆಳ್ಳಗೆ ಮಾಡಿಸಿ" ಅನ್ನುತ್ತಿದ್ದಾರೆ. ಸೋಮವಾರ ಮತ್ತೆ ಹೋಗಬೇಕು.